ಸಾಕಮ್ಮನ ಎರಡನೆಯ ಫೋಟೋ

ಸಾಕಮ್ಮ ಯಾರನ್ನಾದರೂ ಮೊದಲ ಸಲ ಕಂಡರೆ ಮಾತಾಡಿಸುವುದಕ್ಕೂ ಮುಂಚೆ ಅವರ ಬೆನ್ನಿನ ಮೇಲೆ ಅಂಗೈ ಇಟ್ಟು ಅದುಮಿ ನೋಡುತ್ತಿದ್ದಳು. ಅವಳ ತವರು ಮಳವಳ್ಳಿ ಕಡೆಯ ಬಂಡೂರು. ಆ ಊರಿನ ಗಿಡ್ಡ ಕಾಲಿನ, ದುಂಡು ಮೈಯ ಕುರಿಗಳನ್ನು ಕೊಳ್ಳಲು ಬರುವವರು ಬೆಲೆ ಕೇಳುವ ಮೊದಲು ಬೆನ್ನು ಮುಟ್ಟಿ ನೋಡುತ್ತಾರಂತೆ. ಹುಟ್ಟಿದಾಗಿನಿಂದ ಅದನ್ನೇ ಕಂಡು ಬೆಳೆದವಳಿಗೆ ಮನುಷ್ಯರ ವಿಷಯದಲ್ಲೂ ಅದೇ ಅಭ್ಯಾಸವಾಗಿಬಿಟ್ಟಿತ್ತು. ನಾನು ಮದುವೆಯಾಗಿ ಮದ್ದೂರಿಗೆ ಬಂದ ಮೂರನೆಯ ದಿನ, ಹಾಲು ಹಾಕಲು ಬಂದವಳು ಚೊಂಬು ಕೆಳಗಿಟ್ಟು ನನ್ನ ಬೆನ್ನು ಒತ್ತಿದಳು.

“ಬರೀ ಮೂಳೆ ಸಿಕ್ತಾ ಅದೆ. ನಿಮ್ಮವ್ವ ಉಣ್ಣಾಕೆ ಇಕ್ತಾ ಇರ್ಲಿಲ್ವಾ?”

ನನಗಾಗ ಹದಿನೆಂಟು ವರ್ಷ. ಅಳು ಬಂತು. ಅವಳಿಗೆ ಗಾಬರಿಯೇನೂ ಆಗಲಿಲ್ಲ. “ಅಳ್ಬೇಡಿ ಓರ್ಸೀರಮ್ಮ. ತಳಿ ಗಟ್ಟಿಯಾಗೇ ಅದೆ. ತಿಂದ್ರೆ ಸರಿ ಓಯ್ತದೆ” ಅಂದು ದೊಡ್ಡದಾಗಿ ನಕ್ಕಳು. ನಮ್ಮ ಯಜಮಾನರು ನಾಲೆ ಕಚೇರಿಯಲ್ಲಿ ಓವರ್‌ಸೀಯರ್ ಆಗಿದ್ದರು. ಹಾಗಾಗಿ ನಾನು ಆ ಬೀದಿಗೆಲ್ಲ ಓರ್ಸೀರಮ್ಮ.

ಅವಳು ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ಗಂಡನ ಮನೆ ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಇತ್ತು. ಎರಡು ಎಮ್ಮೆ, ತವರಿನಿಂದ ತಂದ ಮೂರು ಕುರಿ, ಆಚೆ ಗದ್ದೆ, ಕಬ್ಬು. ಐದನೆಯ ವಯಸ್ಸಿನಲ್ಲಿ ಬಂದುಹೋದ ಸಿಡುಬು ಅವಳ ಮುಖದಲ್ಲಿ ಕಲೆ ಬಿಟ್ಟಿತ್ತು. ನಾನು ಅದನ್ನು ಮೊದಲ ವಾರ ಗಮನಿಸಿದ್ದೆನೇನೋ. ಆಮೇಲೆ ಆ ನಗು, ಆ ಮಾತು, ಆ ನೇರವಾದ ಕಣ್ಣು ಇಷ್ಟೇ ಕಾಣುತ್ತಿದ್ದವು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ನಮ್ಮಣ್ಣ ಬೆಂಗಳೂರಿನಿಂದ ಬಂದವನು ನನಗೊಂದು ಡಬ್ಬಿ ಕ್ಯಾಮರಾ ಕೊಟ್ಟುಹೋದ. ಕರಿಯ ಪೆಟ್ಟಿಗೆ. ಎದೆಯ ಹತ್ತಿರ ಹಿಡಿದು ಮೇಲಿನಿಂದ ಒಂದು ಸಣ್ಣ ಗಾಜಿನೊಳಕ್ಕೆ ಬಗ್ಗಿ ನೋಡಬೇಕು. ಮೂರು ಹೆಜ್ಜೆ ದೂರದಿಂದ ಬರೀ ಮುಖ ತೆಗೆಯುವುದಕ್ಕೆಂದು ಮುಂದುಗಡೆ ಸಿಕ್ಕಿಸುವ ಇನ್ನೊಂದು ಗಾಜನ್ನೂ ಕೊಟ್ಟಿದ್ದ. ಒಂದು ರೋಲಿಗೆ ಎಂಟು ಚಿತ್ರ. ಮುಗಿದ ರೋಲನ್ನು ಮೈಸೂರಿಗೆ ಕಳಿಸಿದರೆ ಹದಿನೈದು ದಿನಕ್ಕೆ ತೊಳೆದು, ಪೋಸ್ಟ್‌ಕಾರ್ಡಿನ ಅಳತೆಗೆ ದೊಡ್ಡದು ಮಾಡಿ ಕಳಿಸುತ್ತಿದ್ದರು.

ಯಾರ ಫೋಟೋ ತೆಗೆಯುವುದು? ನಮ್ಮ ಯಜಮಾನರು ಕೋಟು ಹಾಕಿಕೊಂಡು ಒಂದು ಸಲ ನಿಂತರು, ಅಲ್ಲಿಗೆ ಅವರ ಉತ್ಸಾಹ ಮುಗಿಯಿತು. ಉಳಿದವರು ನನ್ನ ಇಬ್ಬರು ಗೆಳತಿಯರು. ಒಬ್ಬಳು ಸಾಕಮ್ಮ. ಇನ್ನೊಬ್ಬಳು ಎದುರು ಮನೆಯ ಹುರ್ಮತ್. ಅವಳ ಗಂಡ ಅಕ್ಕಿ ಗಿರಣಿಯ ಇಂಜಿನ್ ಮೆಕ್ಯಾನಿಕ್ಕು, ಅವಳು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಭಾನುವಾರ ಊಟವಾದ ಮೇಲೆ ಮೂವರೂ ನಮ್ಮ ಹಿತ್ತಿಲಿನ ನುಗ್ಗೆ ಮರದ ಹತ್ತಿರ ಸೇರುತ್ತಿದ್ದೆವು.

ಹುರ್ಮತ್‌ಗೆ ಆಸೆ, ಜೊತೆಗೆ ಅಂಜಿಕೆ. ಮೈಸೂರಿನಲ್ಲಿ ಯಾರೋ ಗಂಡಸು ತನ್ನ ಮುಖವನ್ನು ತೊಳೆದು ಒಣಗಿಸುತ್ತಾನಲ್ಲ ಎಂಬುದು ಅವಳ ಚಿಂತೆ. ಸಾಕಮ್ಮ ಒಂದು ನಿಮಿಷ ಯೋಚಿಸಿ ದಾರಿ ಹುಡುಕಿದಳು. “ಅವಳ ಕೈ ತಗೀರಿ. ಉರ್ಮತ್ತು ಕೈ ನೋಡುದ್ರೆ ಸಾಕು, ಇವಳೇ ಅಂತ ಮದ್ದೂರ್ಗೆಲ್ಲ ಗೊತ್ತಾಯ್ತದೆ.” ಹೊಲಿಗೆ ಯಂತ್ರವನ್ನೇ ಹಿತ್ತಿಲಿಗೆ ಹೊತ್ತು ತಂದೆವು. ಬಟ್ಟೆಯ ಮೇಲೆ ಊರಿದ ಎರಡು ಕೈಗಳ ಆ ಚಿತ್ರ ಈಗಲೂ ನನ್ನ ಹತ್ತಿರ ಇದೆ. ಅದಕ್ಕಿಂತ ಒಳ್ಳೆಯದನ್ನು ನಾನು ಆಮೇಲೂ ತೆಗೆದಿಲ್ಲ.

ಸಾಕಮ್ಮನ ಮೊದಲ ಫೋಟೋದಲ್ಲಿ ಅವಳಿಗೆ ತಲೆಯೇ ಇರಲಿಲ್ಲ. ಹತ್ತಿರ ನಿಂತಾಗ ಬಗ್ಗಿ ನೋಡುವ ಗಾಜು ತೋರಿಸುವುದೇ ಬೇರೆ, ಡಬ್ಬಿ ಹಿಡಿಯುವುದೇ ಬೇರೆ ಎಂಬುದು ನನಗೆ ತಿಳಿದಿರಲಿಲ್ಲ. ಕೊರಳಿನ ಕರಿಮಣಿ ಸರದಿಂದ ಕೆಳಗೆ ಎಲ್ಲ ಸರಿಯಾಗಿ ಬಂದಿತ್ತು. ನಾನು ನಾಚಿಕೆಯಿಂದ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ನನ್ ತಲೇನ ಎಲ್ಲಿ ಮಡಗಿದ್ದೀಯವ್ವ?”

ಹುರ್ಮತ್ ನಕ್ಕು ನಕ್ಕು ಕಲ್ಲಿನ ಮೇಲೆ ಕುಸಿದಳು. ಆವತ್ತಿನಿಂದ ಸಾಕಮ್ಮ ನನ್ನನ್ನು ಬಹುವಚನದಲ್ಲಿ ಕರೆಯುವುದನ್ನು ಬಿಟ್ಟಳು, ನಾನೂ ಬಿಟ್ಟೆ.

ಎರಡನೆಯ ಫೋಟೋಗೆ ನಾನು ಬಹಳ ಎಚ್ಚರ ವಹಿಸಿದೆ. ಅವಳೂ ಅಷ್ಟೇ. ಸೀಗೆಪುಡಿ ಹಾಕಿ ತಲೆ ತೊಳೆದು, ಮದುವೆಯ ಸೀರೆ ಉಟ್ಟು, ಬೆಳಗ್ಗೆಯೇ ಬಂದು ಕೂತಳು. ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುತ್ತಿತ್ತು. ನನ್ನ ಕಣ್ಣಿಗೆ ಅದು ಚೆನ್ನಾಗಿ ಕಂಡಿತು. ಓರೆ ಬಿಸಿಲು ಚರ್ಮದ ಮೇಲಿನ ಒಂದೊಂದು ಕುಳಿಗೂ ನೆರಳು ತುಂಬುತ್ತದೆ ಎಂದು ನನಗೆ ಹೇಳುವವರು ಯಾರಿದ್ದರು?

ಹದಿನೈದು ದಿನದ ಮೇಲೆ ಲಕೋಟೆ ಬಂತು. ಸಾಕಮ್ಮ ಹಾಲಿನ ಚೊಂಬು ಕೆಳಗಿಡದೆಯೇ ಒಂದು ಕೈಯಲ್ಲಿ ಚಿತ್ರ ಹಿಡಿದು ನೋಡಿದಳು. ಏನಾದರೂ ಅನ್ನುತ್ತಾಳೆ ಎಂದು ಕಾದೆ. ಅವಳು ಚಿತ್ರವನ್ನು ಕಿಟಕಿಯ ಮೇಲಿಟ್ಟು, ಹಾಲನ್ನು ಅಳೆಯದೆ ಪೂರ್ತಿ ನನ್ನ ಪಾತ್ರೆಗೆ ಸುರಿದು ಹೊರಟುಹೋದಳು.

ಆಮೇಲೆ ಎಂಟು ದಿನ ಹಾಲು ತಂದವನು ಅವಳ ಗಂಡ. “ಅವ್ಳಿಗೆ ಮೈ ಸರಿಗಿಲ್ಲ” ಅಂದು ಹೋಗುತ್ತಿದ್ದ. ನಾನು ಅವರ ಮನೆಯ ಬಾಗಿಲ ತನಕ ಎರಡು ಸಲ ಹೋಗಿ ವಾಪಸು ಬಂದೆ. ಕ್ಯಾಮರಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಗೆಳತಿಗೆ ಒಂದು ಸಂತೋಷ ಕೊಡೋಣವೆಂದು ಹೋಗಿ ಎಂಥ ಕೆಲಸ ಮಾಡಿದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂಬತ್ತನೆಯ ದಿನ ಅವಳೇ ಬಂದಳು. ಒಳಗೆ ಬಂದು ಗೋಡೆಗೆ ಒರಗಿ ಕೂತಳು.

“ನಮ್ಮನೇಲಿ ಇರೋದು ಅಂಗೈಯಷ್ಟು ಕನ್ನಡಿ ಕಣವ್ವ. ಅದೂ ಕತ್ಲಲ್ಲಿ. ಕುಂಕ್ಮ ಇಟ್ಕಳಾಕೆ ಅಣೆ ಒಂದು ಕಂಡ್ರೆ ಸಾಕು. ಅವ್ವ ಯೋಳೋಳು, ‘ಎಲ್ಲ ಮಾಸೋಗದೆ, ಈಗ ಕಾಣಾಕೇ ಇಲ್ಲ’ ಅಂತ. ಇಪ್ಪತ್ತು ವರ್ಸ ನಂಬ್ಕಂಡಿದ್ದೆ.”

“ಸಾಕಮ್ಮ, ತಪ್ಪು ನನ್ನದು. ಬಿಸಿಲು ಹಾಗೆ ಬಿದ್ದಿತ್ತು. ಮೋಡದ ದಿನ ಇನ್ನೊಂದು ತೆಗೆಯುತ್ತೇನೆ, ಒಂದು ಕಲೆಯೂ ಕಾಣದ ಹಾಗೆ.”

“ಬ್ಯಾಡ ಬುಡು. ಅದೇ ಕೊಡು.”

ಕಿಟಕಿಯ ಮೇಲಿಂದ ತೆಗೆದು ಎತ್ತಿಟ್ಟಿದ್ದ ಚಿತ್ರವನ್ನು ಕೊಟ್ಟೆ. ಈ ಸಲ ಅವಳು ಅದನ್ನು ಬಹಳ ಹೊತ್ತು ನೋಡಿದಳು. ತಾನು ಹಿಂದೆಂದೋ ಕಂಡಿದ್ದ ಯಾರನ್ನೋ ಗುರುತು ಹಿಡಿಯುವ ಹಾಗೆ ನೋಡಿದಳು. ಆಮೇಲೆ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ನಾಳಿದ್ದು ಬಂಡೂರ್ಗೆ ಓಯ್ತೀನಿ. ನೀನೂ ಬತ್ತೀಯ. ಡಬ್ಬ ತಗಾ” ಅಂದಳು. ಕೇಳಿದ್ದಲ್ಲ, ಹೇಳಿದ್ದು.

ದಾರಿಯಲ್ಲಿ ವಿಷಯ ತಿಳಿಯಿತು. ಅವಳ ತಂಗಿ ಪುಟ್ಟತಾಯಿಗೆ ಹದಿನಾರು ವರ್ಷ. ಹಿಂದಿನ ಬೇಸಿಗೆಯಲ್ಲಿ ಸಿಡುಬಾಗಿ ಬದುಕಿದ್ದೇ ಹೆಚ್ಚು ಎಂಬಂತಾಗಿತ್ತು. ಗೊತ್ತಾಗಿದ್ದ ಮದುವೆ ನಿಂತಿತ್ತು. ಅಂದಿನಿಂದ ಆ ಹುಡುಗಿ ನಡುಮನೆಯ ಕತ್ತಲು ಬಿಟ್ಟು ಹೊರಗೆ ಬಂದಿರಲಿಲ್ಲ. ಮನೆಯವರ ಮುಂದೆಯೂ ಮುಖಕ್ಕೆ ಸೆರಗು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ನಾವು ಇಳಿದು ನಡೆದು, ಮಳವಳ್ಳಿ ಸೇರುವ ಹೊತ್ತಿಗೆ ಮುಖವೆಲ್ಲ ಮಸಿಯಾಗಿತ್ತು. ಅಲ್ಲಿಂದ ಎತ್ತಿನ ಗಾಡಿ.

ಪುಟ್ಟತಾಯಿ ನಮ್ಮ ಸದ್ದು ಕೇಳಿ ಇನ್ನೂ ಮೂಲೆಗೆ ಸರಿದಳು. ಅವರವ್ವ ಅಳಲು ಶುರುಮಾಡಿದರು. ಸಾಕಮ್ಮ ಯಾರಿಗೂ ಸಮಾಧಾನ ಹೇಳಲಿಲ್ಲ. ತಂಗಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಗವಾಕ್ಷಿಯಿಂದ ಬೀಳುತ್ತಿದ್ದ ಅಷ್ಟಗಲ ಬೆಳಕಿಗೆ ಫೋಟೋ ಹಿಡಿದಳು.

“ನೋಡಮ್ಮಿ. ಯಾರು ಯೋಳು.”

ಸೆರಗಿನ ಸಂದಿಯಿಂದ ಆ ಹುಡುಗಿ ನೋಡಿದಳು. “ನೀನು.”

“ಕಲೆ ಕಾಣ್ತಾವಾ?”

“ಊಂ.”

“ಈ ಕಲೆಗಳ್ನ ಮದ್ಲು ಕಂಡಿದ್ಯಾ?”

ಪುಟ್ಟತಾಯಿ ಫೋಟೋವನ್ನು ಕೈಗೆ ತೆಗೆದುಕೊಂಡಳು. ಅಕ್ಕನ ಮುಖವನ್ನೂ ಅದನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದಳು. ಅವಳ ದನಿ ನಾನು ಸರಿಯಾಗಿ ಕೇಳಿದ್ದು ಆಗಲೇ. “ಇಲ್ಲ ಕಣಕ್ಕ. ನೀನು ನನ್ನ ಎತ್ಕಂಡು ಸಾಕ್ದೋಳು. ನಂಗೆ ಒಂದಿನಾನೂ ಕಂಡೇ ಇಲ್ಲ.”

“ನಂಗೂ ಕಂಡಿರ್ಲಿಲ್ಲ. ಈ ಮಕ ಒತ್ಕಂಡೇ ನಾನು ಮದ್ವೆ ಆದೆ, ಸಂತೆ ಮಾಡ್ದೆ, ನಿನ್ನ ಬೆಳೆಸ್ದೆ. ಕಂಡಿದ್ರೆ ನಾನೂ ನಿನ್ನಂಗೆ ಇಲ್ಲೇ ಕುಂತಿರ್ತಿದ್ನೇನೋ. ಎಂಟು ದಿನ ಕುಂತಿದ್ದೆ ಕಣೆ. ಎಮ್ಮೆ ಕೂಗ್ಕಂಡ್ತು, ಎದ್ದೆ.” ಸಾಕಮ್ಮನ ಕಣ್ಣಲ್ಲಿ ನೀರು ಕಂಡದ್ದು ನಾನು ಅದೊಂದೇ ಸಲ. “ಈಗ ನಿನ್ದೂ ಒಂದು ತಗೀತಾಳೆ ಇವ್ಳು. ಇಬ್ರೂ ಜೊತೇಲಿ ಇಟ್ಕಳಣ.”

ನಾನು ತಡವರಿಸಿದೆ. “ಇಲ್ಲಿ ಬೆಳಕಿಲ್ಲ ಸಾಕಮ್ಮ. ಈ ಡಬ್ಬಿಗೆ ಬಿಸಿಲು ಬೇಕು. ಅಂಗಳಕ್ಕೆ ಬರಬೇಕಾಗುತ್ತದೆ.”

ಅದು ಉಪಾಯವಾಗಿರಲಿಲ್ಲ, ನಿಜವಾಗಿಯೂ ಆ ಕ್ಯಾಮರಾದ ಯೋಗ್ಯತೆ ಅಷ್ಟೇ. ಆದರೆ ಅದನ್ನು ಕೇಳಿ ಅವರವ್ವ ಅಳು ನಿಲ್ಲಿಸಿದರು. ಪುಟ್ಟತಾಯಿ ಫೋಟೋ ಹಿಡಿದೇ ಎದ್ದಳು. ಹೊಸ್ತಿಲ ಹತ್ತಿರ ನಿಂತಳು. ಹತ್ತು ತಿಂಗಳ ಮೇಲೆ ಬಿಸಿಲು ಕಂಡ ಕಣ್ಣು ಕುಕ್ಕಿ ನೀರು ಸುರಿಯಿತು. ಸಾಕಮ್ಮ ಕೈ ಚಾಚಲಿಲ್ಲ, ಕರೆಯಲಿಲ್ಲ, ಕುರಿ ದೊಡ್ಡಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಆ ಹುಡುಗಿ ತಾನೇ ಇಳಿದು ಬಂದಳು.

“ಯಾವ ಕಡೀಕೆ ತಿರುಗ್ಲಿ?” ಎಂದು ನನ್ನನ್ನು ಕೇಳಿದಳು. ನೆರಳಿನ ಕಡೆಗೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಸೆರಗು ಹಿಂದಕ್ಕೆ ತಳ್ಳಿ ಬಿಸಿಲಿಗೆ ಮುಖ ಕೊಟ್ಟಳು. ರೋಲಿನಲ್ಲಿ ಮೂರು ಚಿತ್ರ ಉಳಿದಿದ್ದವು, ಮೂರೂ ಅವಳದೇ ತೆಗೆದೆ. ಗಾಡಿ ಹೊರಟಾಗ ಅವಳು ಬೀದಿಯ ತಿರುವಿನವರೆಗೂ ನಮ್ಮ ಜೊತೆ ನಡೆದು ಬಂದಳು. ಎದುರಿಗೆ ಬಂದ ಒಬ್ಬ ಮುದುಕಿ, “ಅಯ್ಯೋ, ಪುಟ್ತಾಯಿ ಅಲ್ವಾ?” ಅಂದಳು. “ಊಂ ಕಣಜ್ಜಿ, ನಾನೇಯ” ಎಂಬ ಉತ್ತರ ನಮಗೆ ಗಾಡಿಯೊಳಗೆ ಕೇಳಿಸಿತು. ಸಾಕಮ್ಮ ನನ್ನ ತೊಡೆ ಚಿವುಟಿದಳು. ಎರಡು ದಿನ ನೀಲಿಗಟ್ಟಿತ್ತು.

ಆಮೇಲೆ ರೋಲು ಸಿಗುವುದೇ ಕಷ್ಟವಾಯಿತು. ಯುದ್ಧ ಮುಗಿಯುವವರೆಗೂ ಕ್ಯಾಮರಾ ಹೆಚ್ಚು ಕಾಲ ಸುಮ್ಮನೆ ಕೂತಿತ್ತು. ಸಾಕಮ್ಮ ಮಾತ್ರ ಸುಮ್ಮನೆ ಕೂರಲಿಲ್ಲ. ಸಿಡುಬು ಬಾರದ ಹಾಗೆ ಮಕ್ಕಳ ತೋಳಿಗೆ ಮೈಲಿ ಹಾಕುವ ಸರ್ಕಾರದವರು ಆ ಕಡೆ ಬಂದರೆ ತಾಯಂದಿರು ಮಕ್ಕಳನ್ನು ಅಟ್ಟದ ಮೇಲೆ, ಕಣಜದ ಹಿಂದೆ ಬಚ್ಚಿಡುತ್ತಿದ್ದ ಕಾಲ ಅದು. ಅಕ್ಕತಂಗಿಯರು ತಾವಾಗಿಯೇ ಅವರಿಗಿಂತ ಮುಂಚೆ ಹೋಗಿ ಮನೆ ಮನೆಯ ಬಾಗಿಲು ತಟ್ಟಲು ಶುರುಮಾಡಿದರು. ಯಾರೂ ನೇಮಿಸಿದ್ದಲ್ಲ, ಯಾರೂ ಕೇಳಿದ್ದಲ್ಲ. ಸುಗ್ಗಿ ಮುಗಿದರೆ ಸಾಕಮ್ಮ ಎಮ್ಮೆಗಳನ್ನು ಗಂಡನಿಗೆ ಒಪ್ಪಿಸಿ ತವರಿಗೆ ಹೊರಡುವಳು. “ಅಲ್ಲಿ ನನ್ನ ಬುಟ್ರೆ ಗತಿಯಿಲ್ಲ” ಎಂದು ಗತ್ತಿನಿಂದ ಹೇಳುವಳು.

ಸ್ವಾತಂತ್ರ್ಯ ಬಂದ ವರ್ಷ, ಅದಕ್ಕೆ ಕೆಲವು ತಿಂಗಳ ಮುಂಚೆ ನಮ್ಮ ಯಜಮಾನರಿಗೆ ಚಿತ್ರದುರ್ಗದ ಕಡೆಗೆ ವರ್ಗವಾಯಿತು. ಹುರ್ಮತ್ ನನಗೆ ಆರು ರವಿಕೆ ಹೊಲಿದು ಕೊಟ್ಟು ಕಣ್ಣೊರೆಸಿಕೊಂಡಳು. ಸಾಕಮ್ಮ ಊರಲ್ಲಿರಲಿಲ್ಲ. ಮೈಲಿ ಹಾಕುವವರ ಜೊತೆ ಮಳವಳ್ಳಿಯಲ್ಲಿದ್ದಾಳೆ ಎಂದು ಅವಳ ಗಂಡ ಹೇಳಿದ. ಹೇಗೋ ಸಂಪಾದಿಸಿದ್ದ ಹೊಸ ರೋಲನ್ನು ಹಾಕಿಕೊಂಡು ನಾನು ಬಸ್ಸು ಹತ್ತಿದೆ. ಎಂಟು ಚಿತ್ರ, ಎಂಟೂ ಅವಳದೇ ಎಂದು ಗಟ್ಟಿ ಮಾಡಿಕೊಂಡಿದ್ದೆ. ಆ ದಿನದ ಭೇಟಿಯೇ ಕೊನೆ, ಆಮೇಲೆ ನಾನು ಅವಳನ್ನು ಕಾಣಲಿಲ್ಲ. ಎರಡು ವರ್ಷ ಕಳೆದು ಹುರ್ಮತ್ ಬರೆಸಿದ ಕಾಗದದಲ್ಲಿ, ಸಾಕಮ್ಮ ಜ್ವರದಲ್ಲಿ ಹೋಗಿಬಿಟ್ಟಳು ಎಂಬ ಒಂದು ಸಾಲಿತ್ತು.

ಆವತ್ತು ಮಳವಳ್ಳಿಯಲ್ಲಿ ಒಂದು ಹೊಂಗೆ ಮರದ ಕೆಳಗೆ ಮೇಜು ಹಾಕಿದ್ದರು. ಎಪ್ಪತ್ತು ಎಂಬತ್ತು ಹೆಂಗಸರು, ಅವರ ಕಂಕುಳಲ್ಲಿ ಕೂಸುಗಳು, ಕಿವಿ ಕಿವುಡಾಗುವಷ್ಟು ಅಳು. ಮೇಜಿನ ಪಕ್ಕದಲ್ಲಿ ಪುಟ್ಟತಾಯಿ ತಲೆಯ ಮೇಲೆ ಸೆರಗಿಲ್ಲದೆ ನಿಂತು ಒಂದೊಂದೇ ಮಗುವಿನ ತೋಳು ಹಿಡಿಯುತ್ತಿದ್ದಳು. ಹಿಂಜರಿದು ನಿಂತ ಒಬ್ಬಳಿಗೆ, “ನನ್ ಮಕ ಮುಟ್ಟಿ ನೋಡವ್ವ, ಆಮ್ಯಾಕೆ ಓಗೋದಾದ್ರೆ ಓಗು” ಅನ್ನುತ್ತಿದ್ದಳು. ಸಾಲಿನ ಕೊನೆಯಲ್ಲಿ ಸಾಕಮ್ಮ. ತಪ್ಪಿಸಿಕೊಂಡು ಹೊರಟವರನ್ನು ತೋಳು ಚಾಚಿ ತಡೆದು ಒಳಕ್ಕೆ ತಿರುಗಿಸುತ್ತಿದ್ದಳು.

“ಸಾಕಮ್ಮ, ನಾಳೆ ಬೆಳಗ್ಗೆ ನಾವು ಹೊರಡುತ್ತೇವೆ. ಒಂದು ನಿಮಿಷ ಬಾ, ಬಿಸಿಲು ಚೆನ್ನಾಗಿದೆ” ಅಂದೆ.

ಅವಳು ನನ್ನನ್ನು ನೋಡಿದಳು. ಮುಖ ತುಂಬ ನಗು. ಹೆಗಲಿನಲ್ಲಿದ್ದ ಕ್ಯಾಮರಾವನ್ನೂ ನೋಡಿದಳು.

“ಈಗ ಪುರ್ಸೊತ್ತಿಲ್ಲ ಕಣವ್ವ. ಈ ಕೂಸ ಇಡ್ಕೊ, ಇದ್ರವ್ವ ಇನ್ನೊಂದ್ನ ಕರ್ಕಂಬರಾಕೆ ಓಗವ್ಳೆ. ಕೈ ಗಟ್ಯಾಗಿ ಇಡ್ಕೊ, ಒದೀತದೆ.”

ಕೂಸನ್ನು ನನ್ನ ಎದೆಗೆ ಒತ್ತಿ ಅವಳು ತಿರುಗಿದಳು. ನನ್ನ ಎರಡು ಕೈಯೂ ತುಂಬಿದ್ದವು. ಕೂಸು ಒದೆಯುತ್ತ, ಕಿರುಚುತ್ತ, ನನ್ನ ಜಡೆ ಹಿಡಿದು ಎಳೆಯುತ್ತಿತ್ತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಆ ಗದ್ದಲದ ಮೇಲೆ ಅವಳ ದನಿಯೊಂದೇ ಕೇಳುತ್ತಿತ್ತು.

“ಮುಂದಕ್ಕೆ ಬನ್ರವ್ವ, ಎದರ್ಬೇಡಿ, ಮುಂದಕ್ಕೆ ಬನ್ನಿ!”