ಹಿತ್ತಾಳೆ ಫಲಕದ ಹಿಂದಿನ ದಾರಿ

ಹೊಲಿಗೆ ಯಂತ್ರ ಕೆಮ್ಮಿದರೆ ಮೂರು ಬೀದಿಯಾಚೆ ಕೂತ ಮೆಕ್ಯಾನಿಕ್‌ಗೆ ಗೊತ್ತಾಗುತ್ತಿತ್ತು. ಸೀನಿದರೆ ನಾಲ್ಕು ಬೀದಿ. ಸೂಜಿ ಮುರಿಯುವ ಹಿಂದಿನ ದಿನವೇ ಅವನ ಕಿವಿ ತುರಿಸುತ್ತಿತ್ತು ಎನ್ನುವವರೂ ಉಂಟು. ಹಾಗಾಗಿ ಊರಿಗೆಲ್ಲ ಅವನು ಕಿವಿಯಣ್ಣ. ಗಿರಾಕಿಗಳು ಕರೆ ಮಾಡಿ, ಫೋನನ್ನು ಯಂತ್ರದ ಪಕ್ಕ ಹಿಡಿದು ತುಳಿಯುವರು. ಇವನು ಕಣ್ಣು ಮುಚ್ಚಿ ಕೇಳಿ, "ಶಟಲ್‌ನಲ್ಲಿ ದಾರ ಸಿಕ್ಕಿದೆ, ತೆಗೀರಿ" ಎನ್ನುವನು. ಅರ್ಧ ರಿಪೇರಿ ಅಲ್ಲಿಗೇ ಮುಗಿಯಿತು.

ಎರಡು ವರ್ಷದ ಕೆಳಗೆ, ತಾನು ಕೈಯಿಟ್ಟ ಪ್ರತಿ ಯಂತ್ರಕ್ಕೂ ಕ್ಯೂಆರ್ ಕೋಡ್ ಕೆತ್ತಿದ ಪುಟ್ಟ ಹಿತ್ತಾಳೆ ಫಲಕ ಬಡಿಯಲು ಹೊರಟ. ಅದಕ್ಕೆ ಫೋನು ತೋರಿಸಿದರೆ ಸಾಕು, ಕರೆ ಅವನಿಗೇ. ಕೋಡ್ ಮಾಡಿಸಲು ನಿಂತವನು ಹೆಂಡತಿಯ ತಮ್ಮ. ಇವನ ಕೈಕೆಳಗೆ ನಾಲ್ಕು ತಿಂಗಳು ಕಸುಬು ಕಲಿತು ಎಣ್ಣೆ ಬಿಡುವವರೆಗೆ ಮುಂದುವರಿದಿದ್ದ.

"ಭಾವ, ಸ್ಟ್ಯಾಟಿಕ್ ಕೋಡ್ ಆದ್ರೆ ನಿಮ್ಮ ನಂಬರ್ ಅದರೊಳಗೇ ಕೂತ್ಬಿಡುತ್ತೆ. ನಾಳೆ ನಂಬರ್ ಬದಲಾದ್ರೆ ಆರುನೂರು ಫಲಕವೂ ಗುಜರಿಗೆ. ಡೈನಾಮಿಕ್ ಆದ್ರೆ ಕೋಡ್ ಹಾಗೇ ಇರುತ್ತೆ, ಅದು ಹೋಗೋ ದಾರಿ ಮಾತ್ರ ಬೇಕಾದಾಗ ತಿರುಗಿಸ್ಬಹುದು."

"ಯಾರು ಕಣೋ ತಿರುಗಿಸೋದು?"

"ನಾನಿಲ್ವಾ, ಭಾವ?"

ಆ ಮಾತಿಗೆ ಕಿವಿಯಣ್ಣನಿಗೆ ಬಂದ ಕಣ್ಣೀರು ಹಿಡಿಯಲು ಮನೆಯ ಬಕೆಟ್ಟು ಸಾಲದೆ ಪಕ್ಕದ ಮನೆಯದೂ ತರಬೇಕಾಯಿತು.

ಆಮೇಲೆ ಭಾಮೈದ ಸ್ವಂತ ಅಂಗಡಿ ತೆರೆದ. ಕೆಲವೇ ವಾರಗಳಲ್ಲಿ ಕಿವಿಯಣ್ಣನ ಫೋನು ಮೂಕವಾಯಿತು. ಅದರ ಮೇಲೆ ಜೇಡವೊಂದು ಬಲೆ ನೇಯ್ದು, ಮದುವೆಯಾಗಿ, ಮೊಮ್ಮಕ್ಕಳನ್ನೂ ಕಂಡಿತು.

"ಈಗ ಎಲ್ರೂ ರೆಡಿಮೇಡ್ ಬಟ್ಟೆ ತಗೋತಾರೆ ರೀ," ಎಂದಳು ಹೆಂಡತಿ, ಚಹಾದ ಲೋಟ ಮುಂದಿಡುತ್ತ. "ಯಂತ್ರ ಯಾರು ತುಳೀತಾರೆ?"

ಕಿವಿಯಣ್ಣ ನಂಬಿದ. ಆದರೂ ಒಂದು ಮಧ್ಯಾಹ್ನ ತಡೆಯದೆ ಮೂಲೆಮನೆಯ ದರ್ಜಿಯಮ್ಮನಲ್ಲಿಗೆ ಹೋದ. ಮೊಣಕಾಲೆತ್ತರ ಬಟ್ಟೆ ಗುಡ್ಡೆ ಹಾಕಿಕೊಂಡು ಕೂತಿದ್ದಳು ಆಕೆ.

"ಬನ್ನಿ ಸಾಹೇಬ್ರೇ! ಫೋನ್ ಎತ್ತೋಕೂ ಆಳು ಇಟ್ಕೊಂಡಿದ್ದೀರಂತೆ?"

ಕಿವಿಯಣ್ಣ ಅವಳ ಫೋನು ತೆಗೆದುಕೊಂಡು ಫಲಕಕ್ಕೆ ಹಿಡಿದ. ಕರೆ ಹೋಯಿತು.

"ಕಿವಿಯಣ್ಣನ ಕಡೆಯಿಂದ ಮಾತಾಡ್ತಿರೋದು, ಹೇಳಿ." ಭಾಮೈದನ ದನಿ.

ಕಿವಿಯಣ್ಣ ಸನ್ನೆ ಮಾಡಿದ. ದರ್ಜಿಯಮ್ಮ ತುಳಿದಳು.

"ಮೋಟರ್ ಸುಟ್ಟಿದೆ ಮೇಡಂ. ಹೊಸದೇ ಹಾಕ್ಬೇಕು."

ಕಾಲಲ್ಲಿ ತುಳಿಯುವ ಯಂತ್ರ ಅದು. ಹುಟ್ಟಿದಾಗಿನಿಂದ ಮೋಟರಿನ ಮುಖ ಕಂಡಿರಲಿಲ್ಲ.

"ನಾನು ಕಣೋ, ನಿನ್ನ ಭಾವ."

ಆಚೆ ಗಂಟಲು ಸರಿಮಾಡಿಕೊಂಡ ಸದ್ದು. "ಕೋಪ ಮಾಡ್ಕೋಬೇಡಿ ಭಾವ. ಫಲಕ ನಿಮ್ದೇ. ಕೋಡ್ ನನ್ನ ಅಕೌಂಟಿನದು. ಅಕ್ಕನ್ನ ಕೇಳಿಯೇ ತಿರುಗಿಸಿದ್ದು."

ಕಿವಿಯಣ್ಣ ಮನೆಗೆ ಬಂದ. ಮೂರು ಬೀದಿ ದಾಟಲು ಮೂರು ವರ್ಷ ಹಿಡಿಯಿತು.

"ಯಾವಾಗಿಂದ?"

ಹೆಂಡತಿ ಮಡಚುತ್ತಿದ್ದ ಬಟ್ಟೆ ಕೆಳಗಿಡಲಿಲ್ಲ. "ಮೂರು ತಿಂಗಳಾಯ್ತು. ನಿಮಗೂ ವಯಸ್ಸಾಯ್ತು, ಅವನ ಅಂಗಡಿಗೆ ನೊಣವೂ ಬರ್ತಿರ್ಲಿಲ್ಲ. ಹೇಳಿದ್ರೆ ಒಪ್ತಿದ್ರಾ?"

"ಬಾಯಿಬಿಟ್ಟು ಕೇಳಿದ್ರೆ ಅರ್ಧ ಊರು ಬಿಟ್ಟುಕೊಡ್ತಿದ್ದೆ ಕಣೇ. ನನ್ನ ಹೆಸರು ಹೇಳ್ಕೊಂಡು ಸುಳ್ಳು ರಿಪೇರಿ ಮಾಡ್ತಾನೆ. ನೀನು ದಿನಾ ಚಹಾ ಕೊಟ್ಟು ರೆಡಿಮೇಡ್ ಬಟ್ಟೆ ಕಥೆ ಹೇಳ್ದೆ."

ಮರುದಿನ ಹೊಸ ಫಲಕ ಮಾಡಿಸಲು ಹೋದಾಗ ಕೆತ್ತನೆಯವನು ಎಚ್ಚರಿಸಿದ: "ಸ್ಟ್ಯಾಟಿಕ್ ಮಾಡಿದ್ರೆ ಆಮೇಲೆ ಬ್ರಹ್ಮನೂ ತಿದ್ದೋಕಾಗಲ್ಲ, ಯೋಚ್ನೆ ಮಾಡಿ."

"ಅದಕ್ಕೇ ಬಂದಿದ್ದು," ಎಂದ ಕಿವಿಯಣ್ಣ.

ವಾರದ ನಂತರ ಹೊಸ ಫಲಕಗಳ ಚೀಲ ಹೆಗಲಿಗೇರಿಸಿ, ಹಳೆಯ ಫಲಕದ ರಿವೆಟ್ ಕೀಳುವ ಇಕ್ಕಳ ಜೇಬಿಗಿಳಿಸಿ ಹೊಸ್ತಿಲು ದಾಟಿದ. ಆರುನೂರು ಮನೆ ಹತ್ತಿಳಿಯಬೇಕು.

"ಊಟಕ್ಕೆ ಎಷ್ಟೊತ್ತಿಗೆ ಬರ್ತೀರಿ? ಫೋನಾದ್ರೂ ಮಾಡಿ," ಎಂದಳು ಹೆಂಡತಿ ಬಾಗಿಲಿಂದ.

"ನಿನ್ನ ತಮ್ಮನ್ನ ಕೇಳು. ನನ್ನ ಕರೆ ಎಲ್ಲ ಅವನ ಹತ್ರಾನೇ ಇರೋದು."