ಸುಣ್ಣ ಕುಡಿದ ಈಜುಕೊಳ

ನೀರಿಗೂ ಹುಳಿ, ಸುಣ್ಣದ ಹದ ಇರುತ್ತದೆಂದು ಈ ವಯಸ್ಸಿನಲ್ಲಿ ತಿಳಿದೆ. ಹೇಳದೆ ಇರಲಾರೆ. ನಾನು ಓದಿದ್ದು ಮೂರನೆಯ ಇಯತ್ತೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ಹೈಸ್ಕೂಲಿನಲ್ಲಿರುವ ನನ್ನ ಮೊಮ್ಮಗಳು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದರೂ ಆ ಕಾಲನ್ನು ನೆಲಕ್ಕೆ ಊರಲು ಹೆದರಿಕೆ. ನೆಹರು ನಗರದ ಡಾಕ್ಟರು, "ನೀರಾಗ ನಡಸ್ರಿ, ಭಾರ ಬೀಳೂದಿಲ್ಲ, ಧೈರ್ಯ ಬರ್ತೈತಿ" ಎಂದರು. ಖಾನಾಪುರದ ನಮ್ಮ ತೋಟದಲ್ಲಿ, ತಂಗಲು ಬರುವವರಿಗೆಂದು ಮಗ ಕಟ್ಟಿಸಿದ ಈಜುಕೊಳವಿದೆ. ಬೆಳಗಾವಿಯಿಂದ ಹುಡುಗಿಯನ್ನು ಅಲ್ಲಿಗೆ ಕರೆತಂದರೆ, ನೀರು ಪಾಲಕ್ ಸಾರಿನ ಹಾಗೆ ಹಸಿರು! ಮೆಟ್ಟಿಲ ತುಂಬ ಪಾಚಿ. ಜಾರಿ ಆ ಕಾಲು ಇನ್ನೊಮ್ಮೆ ಮುರಿದರೆ?

ಮಗ ಕ್ಲೋರಿನ್ ಪುಡಿ ಹಾಕಿದ. ಮರುದಿನವೂ ಹಸಿರೇ. ಇನ್ನಷ್ಟು ಹಾಕಿದ. ಪಾಚಿ ಜಗ್ಗಲಿಲ್ಲ.

ಆಗ ಮೊಮ್ಮಗಳು, ಪುಡಿ ಮಾರುವ ಅಂಗಡಿಯವರು ಕೊಟ್ಟ ನೀರು ಪರೀಕ್ಷೆಯ ಪೆಟ್ಟಿಗೆಯಿಂದ ಗಾಜಿನ ನಳಿಗೆ ತೆಗೆದಳು. ಕೊಳದ ನೀರು ತುಂಬಿ ಔಷಧದ ಹನಿ ಬಿಟ್ಟಳು. ನೀರು ಕೆಂಪಗಾಯಿತು.

"ಕಿತ್ತಳಿ ಬಣ್ಣ ಬರಬೇಕಿತ್ತ ಆಯಿ. ಇದರಾಗ ಸುಣ್ಣ ಕೂಡಿದಂಗ ಐತಿ."

"ಅಯ್ಯ, ಆರತಿ ನೀರಿನಂಗ! ಅರಿಷಿಣದ ನೀರಿಗೆ ಚಿಟಿಕಿ ಸುಣ್ಣಾ ಹಾಕಿದ್ರ ಹಿಂಗ ಕೆಂಪ ಆಗ್ತೈತಿ" ಎಂದೆ.

"ಖರೇನ, ಎರಡೂ ಒಂದ ಪರೀಕ್ಷಾ. ಆದ್ರ ಇಲ್ಲಿ ಸುಣ್ಣಾ ಹಾಕಿದವ್ರ ಯಾರು?"

ನಮ್ಮ ಯಜಮಾನರು ಮೆಲ್ಲಗೆ ಎದ್ದರು.

"ಎಲ್ಲಿ ಹೊಂಟ್ರಿ?" ಎಂದೆ.

"ದನಾ ನೋಡಾಕ."

"ದನಾ ಇಲ್ಲೇ ಐತಿ, ಕುಂದರ್ರಿ."

ಬಾವಿಗೆ ಸುಣ್ಣ ಹಾಕುವುದು ನಮ್ಮ ಮನೆಯ ರೂಢಿ. ಕೊಳವೂ ತಿಳಿಯಾಗಲೆಂದು ಅವರು ಬುಟ್ಟಿಗಟ್ಟಲೆ ಸುರಿದಿದ್ದರು! "ಬಾವ್ಯಾಗ ಎಂದಾರ ಪಾಚಿ ಬಂದೈತೇನ?" ಎಂದು ಅವರ ವಾದ ಬೇರೆ.

"ಅಜ್ಜಾ, ಬಾವಿ ಆಳ. ಅಲ್ಲಿ ಬಿಸಲ ಮುಟ್ಟೂದಿಲ್ಲ. ಪಾಚಿಗೆ ಬಿಸಲ ಬೇಕ. ಇಲ್ಲಿ ದಿನಾ ಬಿಸಲ. ಸುಣ್ಣಾ ಹೆಚ್ಚಾದ್ರ ಕ್ಲೋರಿನ್ ಇದ್ದೂ ಕೈ ಕಟ್ಟಿ ಕುಂದರ್ತೈತಿ. ಪಾಚಿ ಹಬ್ಬಾ ಮಾಡ್ತೈತಿ!"

ನನಗಂತೂ ಹುಚ್ಚು ಹಿಡಿಯಿತು. ಬಾವಿಯ ನೀರು, ನಲ್ಲಿಯ ನೀರು, ಎಲ್ಲಕ್ಕೂ ಹನಿ ಹಾಕಿಸಿದೆ. ಮಜ್ಜಿಗೆಯ ತಿಳಿ ಹಳದಿಯಾಯಿತು! ಅಂದರೆ ಸುಣ್ಣಕ್ಕೆ ಕೆಂಪು, ಹುಳಿಗೆ ಹಳದಿ; ಹುಳಿ ಸುಣ್ಣವನ್ನು ಮುರಿಯುತ್ತದೆ.

"ಹಂಗಾದ್ರ ಕೊಳಕ್ಕ ಹುಣಸಿಹಣ್ಣ ಕಿವಿಚೂಣೇನ?"

"ಊರಿಗೆಲ್ಲಾ ಸಾರ ಮಾಡ್ತಿ ಏನ ಆಯಿ?"

ಮಗ ಕೈಗವಸು ತೊಟ್ಟು, ಅದೇ ಅಂಗಡಿಯಿಂದ ತಂದ ಆಸಿಡ್ಡನ್ನು ಸ್ವಲ್ಪಸ್ವಲ್ಪವೇ ಸುರಿದ. ನಳಿಗೆಯಲ್ಲಿ ಕಿತ್ತಳೆ ಬಣ್ಣ ಬಂದ ಮೇಲೆ, ಮಾರನೆಯ ದಿನ ಕ್ಲೋರಿನ್ ಹಾಕಿ ಗೋಡೆ ತಿಕ್ಕಿದ. ಹಸಿರು ಬೂದು ಬಣ್ಣವಾಯಿತು, ಬೂದು ತಿಳಿಯಾಯಿತು, ತಳಕ್ಕೆ ಹಾಸಿದ ಹಂಚು ಕಾಣಿಸಿತು. ಮೆಟ್ಟಿಲನ್ನು ಅಂಗೈಯಿಂದ ಸವರಿ ನೋಡಿದೆ, ಜಾರಲಿಲ್ಲ.

"ಇಳೀ ನನ್ನವ್ವಾ."

ಕಂಬಿ ಹಿಡಿದು ಇಳಿದಳು. ಒಂದು ಕೈ ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು. ಆಚೆ ದಂಡೆಯಲ್ಲಿ ಕೈಚಾಚಿ ನಿಂತ ಅಜ್ಜನ ಕಡೆಗೆ ಹೊರಟೇಬಿಟ್ಟಳು. ನೀರು ಎಷ್ಟು ತಿಳಿಯೆಂದರೆ, ಅವಳ ಎರಡೂ ಪಾದಗಳು ಒಂದಾದ ಮೇಲೊಂದು ಹಂಚಿನ ಮೇಲೆ ಪೂರ್ತಿ ಊರುತ್ತಿದ್ದುದು ದಂಡೆಯಲ್ಲಿ ನಿಂತ ನನಗೆ ಕಾಣುತ್ತಿತ್ತು.