ತೆಂಗಿನಕಾಯಿಗೆ ಬಂದ ಜ್ವರ

ನಾಲಗೆಯ ಕೆಳಗಿಟ್ಟ ಗಾಜಿನ ಕಡ್ಡಿ ಜ್ವರವಿಲ್ಲವೆಂದು ತೋರಿಸಿದ ಮಾತ್ರಕ್ಕೆ, ಆ ವ್ಯಕ್ತಿಯಿಂದ ಯಾರಿಗೂ ರೋಗ ಅಂಟದೆಂದು ನೀವು ನಂಬುವಿರಾ?

ಐವತ್ತರ ದಶಕದ ಕೊನೆಯಲ್ಲಿ, ಮತ್ತಿಕೆರೆಯ ನಮ್ಮ ಮನೆ ನಂಬಿತ್ತು. ಅಕ್ಕನ ಮದುವೆಯ ಹೊತ್ತಿಗೆ ಸುತ್ತೆಲ್ಲ ಮಂಗನಬಾವು ಹರಡಿತ್ತು. ಯಶವಂತಪುರದಲ್ಲಿದ್ದ ದೊಡ್ಡಪ್ಪ ಹೊಸ ಥರ್ಮಾಮೀಟರಿನೊಂದಿಗೆ ಬಂದು, ಚಪ್ಪರದ ಬಾಗಿಲಲ್ಲಿ ಪನ್ನೀರುದಾನಿಗಿಂತ ಮುಂದೆ ನಿಂತರು. ಮೊದಲು ತಮ್ಮ ಬಾಯಿಗೇ ಇಟ್ಟುಕೊಂಡರು. ಜ್ವರವಿರಲಿಲ್ಲ. ಆ ಕ್ಷಣದಿಂದ ಅವರೇ ನಮ್ಮ ಆರೋಗ್ಯ ಇಲಾಖೆ.

ಮುಂದಿನ ಸರದಿ ಗಂಡಿನ ತಾಯಿಯವರದು. ಎಂಜಲು ಕಡ್ಡಿಯನ್ನು ಬೀಗಿತ್ತಿಯ ಬಾಯಿಗೆ ಇಡುವುದುಂಟೆ? ದೊಡ್ಡಪ್ಪ ಅದನ್ನು ಕೊಡವಿ ಪಾದರಸ ಇಳಿಸಿದರು. ಆಮೇಲೆ ಸ್ನಾನದ ಹಂಡೆಯಿಂದ ತಂದ ಬಿಸಿನೀರಿನಲ್ಲಿ ಅದ್ದಿ ಶುದ್ಧಮಾಡಿದರು. ಆಕೆಗೆ ನೂರಮೂರು ಡಿಗ್ರಿ! ಮತ್ತೆ ಕೊಡವಿ, ಮತ್ತೆ ಅದ್ದಿ ನೋಡಿದರೂ ಅಷ್ಟೇ.

ಧಾರೆ ಮುಗಿಯುವವರೆಗೆ ಆಕೆ ಪಕ್ಕದ ಮನೆಯಲ್ಲಿ ಮಲಗಬೇಕೆಂದು ದೊಡ್ಡಪ್ಪ ಕೈಮುಗಿದು ಕೋರಿದರು. ಗಂಡಿನ ತಂದೆ ಗಾಡಿಗಳನ್ನು ತಿರುಗಿಸುವಂತೆ ಸನ್ನೆ ಮಾಡಿದರು. ಬಾಗಿಲ ಸಂದಿಯಲ್ಲಿದ್ದ ಅಕ್ಕನ ಮುಖ ಬಿಳಿಚಿಕೊಂಡಿತು. ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ್ದ ನಾನು ಎರಡೂ ಪಕ್ಷದ ಪರ ವಾದಿಸಬಲ್ಲವನಾಗಿದ್ದೆ, ಯಾರೂ ಕೇಳಲಿಲ್ಲ.

ಬಾಯಿ ತೆರೆದವರು ರೋಗಿಯೇ. ಆರತಿ ತಟ್ಟೆಯ ಕಡೆ ಕೈ ತೋರಿಸಿ ಅವರೆಂದರು: "ಬೀಗರೇ, ನಿಮ್ಮ ಕಡ್ಡೀನ ಇನ್ನೊಂದ್ಸಲ ತೊಳೆದು ಆ ತೆಂಗಿನಕಾಯಿ ಮೇಲಿಡಿ. ಅದಕ್ಕೂ ಜ್ವರ ಇದ್ರೆ, ನಮ್ಮಿಬ್ಬರನ್ನೂ ಒಂದೇ ಚಾಪೇಲಿ ಮಲಗಿಸಿಬಿಡಿ."

ತೆಂಗಿನಕಾಯಿಗೂ ನೂರಮೂರು. ಬಿಸಿನೀರಿಗೆ ಏರಿದ ಪಾದರಸ ಮತ್ತೆ ಕೊಡವುವ ತನಕ ಇಳಿಯುವುದಿಲ್ಲವೆಂಬುದು ಆಗ ಎಲ್ಲರಿಗೂ ಹೊಳೆಯಿತು. ಮೊದಲು ನಕ್ಕವರು ಗಂಡಿನ ತಂದೆ. ಗಾಡಿಗಳು ನಿಂತವು, ಧಾರೆ ನಡೆಯಿತು.

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಎರಡೂ ಕೆನ್ನೆಗಳು ಊದಿಕೊಂಡಿದ್ದವು. ಅವರ ಮನೆಯಲ್ಲಿ ಮೊಮ್ಮಗಳಿಗೆ ಮಂಗನಬಾವು ಬಂದಿತ್ತಂತೆ. ದೊಡ್ಡಮ್ಮ ಮದುವೆಗೆ ಬಾರದಿದ್ದುದೇ ಅದಕ್ಕೆ. ಬಾಗಿಲಲ್ಲಿ ಥರ್ಮಾಮೀಟರ್ ಇದ್ದುದರಿಂದ ಯಾರೂ ವಿಚಾರಿಸಿರಲಿಲ್ಲ. ಅವರ ವಿಷಯದಲ್ಲಿ ಅದು ಸುಳ್ಳು ಹೇಳಿರಲಿಲ್ಲ: ಜ್ವರವಿರಲಿಲ್ಲ, ರೋಗವಿತ್ತು. ಬೀಗಿತ್ತಿ ಮಾತ್ರ, ತೆಂಗಿನಕಾಯಿಯ ಕೆನ್ನೆ ಹೇಗಿದೆಯೆಂದು ವಿಚಾರಿಸಿ ಕಳುಹಿಸಿದರು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಜ್ವರ ನೋಡಿ, ಬೇಡವೆನ್ನುವುದಿಲ್ಲ. ತಣ್ಣೀರಿನಲ್ಲಿ ತೊಳೆದು, ಕೊಡವಿ ನೋಡಿ. ಆದರೆ ಜನ ಸೇರುವ ಮುನ್ನ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದೆಯೇ ಎಂದು ಬಾಯಿಬಿಟ್ಟು ಕೇಳಿ. ನಿಮ್ಮ ಮನೆಯಲ್ಲೇ ಇದ್ದರೆ, ಕೇಳುವ ಮೊದಲೇ ಹೇಳಿ.